ಇವತ್ತು ಯಾರು ಕರ್ದಿದ್ದು?

ನಮ್ಮೂರ ಡೇರಿಗೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ಕ್ಯಾನಿನಲ್ಲಿ ಹಾಲು ಕಡಿಮೆ ಇದ್ದರೆ ಅಲ್ಲಿ ಯಾರೂ ಮೊದಲು ಮೇವಿನ ಬಗ್ಗೆ ಕೇಳುವುದಿಲ್ಲ. ಬೂಸಾ ಹಾಕಿದ್ರಾ, ಹಿಂಡಿ ಬದಲಾಯಿಸಿದ್ರಾ ಅನ್ನುವುದೆಲ್ಲ ಆಮೇಲೆ. ಮೊದಲ ಪ್ರಶ್ನೆ, "ಇವತ್ತು ಯಾರು ಕರ್ದಿದ್ದು?" ಸಾಲಿನಲ್ಲಿ ನಿಂತವರಲ್ಲಿ ಒಬ್ಬರು "ಅಕ್ಕ ತವ್ರಿಗೆ ಹೋಗವ್ಳೆ, ಭಾವ ಕರ್ದ್ರು" ಅಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಹಸು ಅದೇ, ಮೇವು ಅದೇ, ಕೊಟ್ಟಿಗೆಯೂ ಅದೇ. ಕೆಚ್ಚಲಿಗೆ ಕೈ ಹಾಕಿದವರು ಮಾತ್ರ ಬೇರೆ. ಅಷ್ಟಕ್ಕೇ ಲೀಟರುಗಟ್ಟಲೆ ಹಾಲು ಕಮ್ಮಿ.

ಹಾಲಿನ ಜೊತೆ ಫ್ಯಾಟೂ, ಅಂದರೆ ಜಿಡ್ಡಿನ ಅಂಶವೂ, ಕಮ್ಮಿಯಾಗುತ್ತದೆ. ಕರೆಯಲು ಶುರು ಮಾಡಿದಾಗ ಬರುವ ಹಾಲು ತೆಳ್ಳಗಿರುತ್ತದೆ. ಜಿಡ್ಡು ಜಾಸ್ತಿ ಇರುವುದು ಕೊನೆಗೆ ಬರುವ ಹಾಲಿನಲ್ಲಿ. ಹಸು ಹಾಲನ್ನು ಮೇಲಕ್ಕೆ ಏರಿಸಿಕೊಂಡುಬಿಟ್ಟರೆ ಆ ಗಟ್ಟಿ ಹಾಲೇ ಒಳಗೆ ಉಳಿಯುತ್ತದೆ. ಡೇರಿಯ ಮಿಷನ್ನು ಅದನ್ನು ಚೀಟಿಯ ಮೇಲೆ ತೋರಿಸಿಬಿಡುತ್ತದೆ.

ಸಾಕಿದ ಪ್ರಾಣಿ ನಮ್ಮನ್ನು ಗುರುತು ಹಿಡಿಯುತ್ತದಾ ಅಂತ ಪೇಟೆಯ ಗೆಳತಿಯರು ಕೇಳುತ್ತಿರುತ್ತಾರೆ. ಅವರಿಗೆ ಅದು ಪ್ರೀತಿಯ ಪ್ರಶ್ನೆ. ಚನ್ನರಾಯಪಟ್ಟಣದ ಕಡೆಯ ನಮ್ಮಂಥ ಮನೆಗಳಲ್ಲಿ ಅದು ತಿಂಗಳ ಬಟವಾಡೆಯ ಲೆಕ್ಕ ಕೂಡ. ಗುರುತು ಹಿಡಿಯುತ್ತವೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಅವು ನೆನಪಿಟ್ಟುಕೊಳ್ಳುವುದು ನಾವು ಅಂದುಕೊಂಡದ್ದನ್ನಲ್ಲ. ನಾವು ಯಾರು ಅನ್ನುವುದಕ್ಕಿಂತ, ನಮ್ಮ ಕೈ ಅವುಗಳ ಜೊತೆ ಹೇಗೆ ನಡೆದುಕೊಂಡಿತು ಅನ್ನುವುದು ಅವುಗಳಿಗೆ ಮುಖ್ಯ.

ಹಸುವಿನ ಕೆಚ್ಚಲು ಹಾಲು ತುಂಬಿಟ್ಟ ಚೀಲವಲ್ಲ. ಹಾಲಿನ ಬಹುಪಾಲು ಸಣ್ಣ ಸಣ್ಣ ಗುಳ್ಳೆಗಳಂಥ ಕೋಶಗಳಲ್ಲಿ ನಿಂತಿರುತ್ತದೆ. ಕರು ಬಾಯಿ ಹಾಕಿದಾಗ, ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದಾಗ, ಬಕೆಟ್ಟಿನ ಸದ್ದು ಕೇಳಿದಾಗ ಅದರ ಮೆದುಳಿನಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಆಗ ಆ ಗುಳ್ಳೆಗಳ ಸುತ್ತಲಿನ ಸ್ನಾಯು ಹಿಂಡಿಕೊಂಡು ಹಾಲು ಕೆಳಗಿಳಿಯುತ್ತದೆ. ಹಸು ಸೊರ ಬಿಟ್ಟಿತು ಅನ್ನುವುದು ಇದಕ್ಕೇ. ಇದೆಲ್ಲ ಕೆಲವೇ ನಿಮಿಷದ ಆಟ. ಅದಕ್ಕೇ ಕರೆಯಲು ಕೂತವರು ನಡುವೆ ಎದ್ದು ಹೋಗಬಾರದು ಅನ್ನುತ್ತಾರೆ ಹಿರಿಯರು. ಹೆದರಿಕೆಯಾದರೆ ಈ ಆಕ್ಸಿಟೋಸಿನ್ ಸರಿಯಾಗಿ ಬರುವುದಿಲ್ಲ. ಬಂದರೂ ಹೆದರಿದಾಗ ಮೈಯಲ್ಲಿ ಹುಟ್ಟುವ ಅಡ್ರಿನಲಿನ್ ಅನ್ನುವ ಇನ್ನೊಂದು ಹಾರ್ಮೋನು ಅದರ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಹಸು ಬೇಕಂತಲೇ ಹಟ ಮಾಡುತ್ತಿಲ್ಲ, ಅದರ ಮೈ ಹಾಗೆ ಮಾಡಿಸುತ್ತದೆ. "ಕಳ್ಳ ಹಸು" ಅಂತ ಬೈಯುವವರನ್ನು ಕಂಡರೆ ನನಗೆ ಬೇಜಾರಾಗುವುದು ಇದಕ್ಕೇ.

1999ರಲ್ಲಿ ಜೆಫ್ ರಶೆನ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗವಿದೆ. ಹಸುಗಳ ಜೊತೆ ಒಬ್ಬರು ಮೃದುವಾಗಿ ನಡೆದುಕೊಂಡರು, ಇನ್ನೊಬ್ಬರು ಒರಟಾಗಿ. ಹಸುಗಳು ಬೇಗನೆ ಇಬ್ಬರನ್ನೂ ಗುರುತಿಟ್ಟುಕೊಂಡು ಒರಟು ಮನುಷ್ಯನಿಂದ ದೂರ ನಿಲ್ಲಲು ಶುರು ಮಾಡಿದವು. ಆಮೇಲೆ ಹಾಲು ಕರೆಯುವ ಹೊತ್ತಿಗೆ ಆ ಒರಟು ಮನುಷ್ಯ ಹತ್ತಿರ ಬಂದು ನಿಂತ. ಆಗ ಕೆಚ್ಚಲಿನಲ್ಲೇ ಉಳಿದುಹೋದ ಹಾಲು ಶೇಕಡಾ 70ರಷ್ಟು ಹೆಚ್ಚಾಯಿತು. ಹತ್ತಿರ ನಿಂತದ್ದಕ್ಕೇ ಇಷ್ಟು. ಇದನ್ನು ಓದಿದ ದಿನ ಅತ್ತೆಗೆ ಹೇಳಿದೆ. "ಅದುಕ್ಕೇ ಅಲ್ವಾ ಕುಡ್ದು ಬಂದೋರ್ನ ಕೊಟ್ಗೆ ಒಳಿಕೆ ಬಿಡ್ಬಾರ್ದು ಅನ್ನೋದು" ಅಂದರು. ಅವರಿಗೆ ಅದು ಸಂಶೋಧನೆಯ ಸುದ್ದಿಯಾಗಿ ಕಾಣಲೇ ಇಲ್ಲ.

ಈ ಗುರುತನ್ನೇ ಪಕ್ಕಕ್ಕಿಡುವ ಒಂದು ದಾರಿಯೂ ಇದೆ. ಅದೇ ಆಕ್ಸಿಟೋಸಿನ್ನನ್ನು ಸೂಜಿಯಲ್ಲಿ ಚುಚ್ಚಿದರೆ ಕರು ಬೇಡ, ಪರಿಚಯದ ಕೈ ಬೇಡ, ಹಾಲು ತಾನೇ ಇಳಿಯುತ್ತದೆ. ದೇಶದ ಎಷ್ಟೋ ಕಡೆ ಇದು ನಡೆಯುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ ಈ ದುರುಪಯೋಗ ತಡೆಯಲು ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸಿ ದೇಶದೊಳಗೆ ಮಾರಬಾರದು, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಮಾತ್ರ ತಯಾರಿಸಬೇಕು ಅಂತ ಆದೇಶ ಮಾಡಿತು. ಹೆರಿಗೆಯಾದ ತಾಯಂದಿರ ರಕ್ತಸ್ರಾವ ನಿಲ್ಲಿಸಲೂ ಇದೇ ಔಷಧ ಬೇಕು. ಅದರ ಕೊರತೆಯಾದೀತು ಅನ್ನುವ ವಾದವೂ ಕೋರ್ಟಿನಲ್ಲಿ ಬಂತು. ಅದೇ ವರ್ಷದ ಕೊನೆಗೆ ದಿಲ್ಲಿ ಹೈಕೋರ್ಟು ಆದೇಶವನ್ನು ರದ್ದು ಮಾಡಿತು. ಕಾನೂನಿನ ಕಥೆ ಏನೇ ಇರಲಿ, ದಿನಾ ಎರಡು ಹೊತ್ತು ಸೂಜಿ ಹಿಡಿದು ಬರುವವರನ್ನು ಹಸು ಯಾವ ರೀತಿ ಗುರುತಿಟ್ಟುಕೊಳ್ಳುತ್ತದೆ ಅಂತ ಯೋಚಿಸಿದರೆ ಹೊಟ್ಟೆ ತೊಳಸುತ್ತದೆ.

ಅತ್ತೆಗೆ ಮೊಣಕಾಲಿನ ಆಪರೇಷನ್ ಆದಾಗ ಕೆಂಪಿಯನ್ನು ಕರೆಯುವ ಕೆಲಸ ನನಗೆ ಬಂತು. ಕೆಂಪಿ ನಮ್ಮ ನಾಟಿ ಹಸುವಿಗೆ ಜರ್ಸಿ ತಳಿಯ ವೀರ್ಯದ ಇಂಜೆಕ್ಷನ್ ಕೊಡಿಸಿ ಹುಟ್ಟಿದ್ದು. ಹುಟ್ಟಿದಾಗಿನಿಂದ ಅತ್ತೆಯ ಕೈಯಲ್ಲೇ ಬೆಳೆದಿದೆ. ಮೇವು ಹಾಕುವುದು, ಸಗಣಿ ಬಾಚುವುದು, ಕಲಗಚ್ಚು ಕುಡಿಸುವುದು ನಾನೂ ಮಾಡುತ್ತಿದ್ದೆ. ಆದರೆ ಕೆಚ್ಚಲು ಅತ್ತೆಯದು. ನಮ್ಮ ಕಡೆ ಇಂಥ ಹೊತ್ತಿಗೆ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಕೊಟ್ಟಿಗೆಯ ಮೊಳೆಗೆ ನೇತುಹಾಕಿದ್ದ ಅತ್ತೆಯ ಹಳೇ ಸೀರೆಯನ್ನು ನಾನು ಮೈಮೇಲೆ ಸುತ್ತಿಕೊಂಡೆ. ಒಗೆದ ಸೀರೆ ಆಗುವುದಿಲ್ಲ. ಸಗಣಿ, ಹೊಗೆ, ಹಾಲಿನ ಹುಳಿ, ಅತ್ತೆಯ ಎಲೆ ಅಡಿಕೆ, ಎಲ್ಲ ವಾಸನೆಯೂ ಅದರಲ್ಲಿ ಇರಬೇಕು.

ಕೆಂಪಿ ಕತ್ತು ತಿರುಗಿಸಿತು. ಸೆರಗಿನ ತುದಿಗೆ ಒದ್ದೆ ಮೂಗು ಇಟ್ಟು ಎಳೆದೆಳೆದು ಮೂಸಿತು. ಮೂಗಿನ ಹೊಳ್ಳೆ ಅರಳಿತು. ಆಮೇಲೆ ಸುಮ್ಮನೆ ಮೆಲುಕು ಹಾಕತೊಡಗಿತು. ನಾನು ಕೂತೆ. ಕೆಚ್ಚಲು ತೊಳೆದೆ, ಬೆರಳಿಗೆ ಒಂದಿಷ್ಟು ಎಣ್ಣೆ ಸವರಿಕೊಂಡೆ. ಮೊದಲು ನಾಲ್ಕಾರು ಸಲ ಸರಿಯಾಗಿ ಬಂತು. ಆಮೇಲೆ ಮೆಲುಕು ನಿಂತಿತು. ದನ ಕಟ್ಟಿದವರಿಗೆ ಗೊತ್ತು, ಮೆಲುಕು ನಿಂತರೆ ಏನೋ ಆಗಿದೆ ಅಂತ. ಹಿಂದಿನ ಕಾಲು ಒಂದಂಗುಲ ಮೇಲೆದ್ದು ಮತ್ತೆ ನೆಲಕ್ಕೆ ಬಂತು. ಬೆರಳ ಕೆಳಗೆ ಮೊಲೆ ಸಡಿಲವಾಯಿತು. ಅತ್ತೆ ಇಡೀ ಮುಷ್ಟಿಯಲ್ಲಿ ಹಿಡಿದು ಮೇಲಿಂದ ಕೆಳಕ್ಕೆ ಒಂದೊಂದೇ ಬೆರಳು ಬಿಗಿಮಾಡುತ್ತಾ ಬರುತ್ತಾರೆ. ನನ್ನ ಕೈ ಸಣ್ಣದು, ನನ್ನ ಹಿಡಿತವೇ ಬೇರೆ. ವಾಸನೆ ಅತ್ತೆಯದು, ಕೈ ಅತ್ತೆಯದಲ್ಲ. ಅದು ಕೆಂಪಿಗೆ ಗೊತ್ತಾಗಿತ್ತು.

ಜಗಲಿಯ ಮೇಲೆ ಕೂತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ಮಾತಾಡವ್ವ! ಬಾಯ್ ಮುಚ್ಕಂಡು ಕೂತ್ರೆ ಅದು ಕೊಡಕ್ಕಿಲ್ಲ." ಆ ದನಿ ಬಂದ ಕೂಡಲೇ ಕೆಂಪಿಯ ಎರಡೂ ಕಿವಿ ಜಗಲಿಯ ಕಡೆ ತಿರುಗಿದವು. ಮೆಲುಕು ಮತ್ತೆ ಶುರುವಾಯಿತು. ಅತ್ತೆ ದಿನಾ ಕರೆಯುವಾಗ ಅದಕ್ಕೆ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಬೋರ್‌ವೆಲ್ಲಿನಲ್ಲಿ ನೀರು ಎಷ್ಟು ಬಂತು, ಇಂಥವೇ. ಅದು ಅಭ್ಯಾಸ ಅಂದುಕೊಂಡಿದ್ದವರಿಗೆ ಅಲ್ಲಿ ನಡೆಯುತ್ತಿದ್ದ ಕೆಲಸ ಕಾಣಿಸುತ್ತಿರಲಿಲ್ಲ, ಅಷ್ಟೇ. ಅವತ್ತಿನಿಂದ ಕೆಲವು ದಿನ ಅತ್ತೆ ಜಗಲಿಯಿಂದ ಮಾತಾಡುತ್ತಿದ್ದರು, ನಾನು ಕರೆಯುತ್ತಿದ್ದೆ.

ಸೀರೆಯ ವಿಷಯ ಬಂದಾಗೆಲ್ಲ ನನಗೆ ಕೀನ್ಯಾದ ಆನೆಗಳು ನೆನಪಾಗುತ್ತವೆ. ಅಂಬೋಸೆಲಿ ಎನ್ನುವ ಕಡೆ ಎರಡು ಜನಾಂಗದವರು ಆನೆಗಳ ದಾರಿಯಲ್ಲಿ ಸಿಗುತ್ತಾರೆ. ಮಸಾಯಿಗಳು ದನ ಕಾಯುವವರು, ಅವರ ಹರೆಯದ ಗಂಡಸರು ಆನೆಗೆ ಭರ್ಜಿ ಎಸೆಯುವುದುಂಟು. ಕಂಬಾದವರು ಬೇಸಾಯಗಾರರು, ಅವರಿಂದ ಅಷ್ಟು ಅಪಾಯವಿಲ್ಲ. ಲೂಸಿ ಬೇಟ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬ್ಬರೂ ತೊಟ್ಟು ಬಿಟ್ಟ ಬಟ್ಟೆಗಳನ್ನು ಆನೆಗಳ ಹಾದಿಯಲ್ಲಿ ಇಟ್ಟಿದ್ದರು. ಮಸಾಯಿ ತೊಟ್ಟ ಬಟ್ಟೆಯ ವಾಸನೆ ಬಡಿದಾಗ ಆನೆಗಳು ಹೆಚ್ಚು ವೇಗವಾಗಿ, ಹೆಚ್ಚು ದೂರ ಓಡಿದವು. ಮಸಾಯಿಗಳು ಉಡುವ ಕೆಂಪು ಬಟ್ಟೆಗೂ ಬಿಳಿ ಬಟ್ಟೆಗೂ ಅವು ಬೇರೆ ಬೇರೆ ರೀತಿ ನಡೆದುಕೊಂಡವು. 2014ರಲ್ಲಿ ಕ್ಯಾರನ್ ಮೆಕ್‌ಕಾಂಬ್ ತಂಡ ಅದೇ ಅಂಬೋಸೆಲಿಯಲ್ಲಿ ಬರೀ ದನಿ ಕೇಳಿಸಿ ನೋಡಿತು. ಮಸಾಯಿ ಗಂಡಸರ ದನಿಗೆ ಆನೆಗಳು ಗುಂಪುಗೂಡಿ ಹಿಂದೆ ಸರಿದವು, ಹೆಂಗಸರ ಮತ್ತು ಹುಡುಗರ ದನಿಗೆ ಅಷ್ಟಾಗಿ ಹೆದರಲಿಲ್ಲ. ಭರ್ಜಿ ಹಿಡಿಯುವವರು ಯಾರು ಅಂತ ಅವಕ್ಕೆ ಗೊತ್ತು. ಅವು ಯಾರನ್ನೂ ಪರಿಚಯ ಮಾಡಿಕೊಂಡಿರಲಿಲ್ಲ. ಆದರೂ ಯಾರಿಂದ ಏನು ಬರುತ್ತದೆ ಅನ್ನುವುದನ್ನು ಇಟ್ಟುಕೊಂಡಿದ್ದವು.

ಹಾಗಾದರೆ ಮುಖ? ಹಸುವಿನ ಕಣ್ಣು ತಲೆಯ ಎರಡೂ ಬದಿಗೆ ಇರುವುದರಿಂದ ಅದಕ್ಕೆ ಸುಮಾರು 330 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಕಾಣದಿರುವುದು ಮುಖ್ಯವಾಗಿ ಬಾಲದ ನೇರ ಹಿಂದೆ. ಅದಕ್ಕೇ ಹಿಂದಿನಿಂದ ಹೋಗುವಾಗ "ಹೋ ಹೋ" ಅನ್ನುತ್ತಾ ಮೈಮೇಲೆ ಕೈ ಇಟ್ಟು ಹೋಗುವುದು. ನಮಗೆ ಕಾಣುವಷ್ಟು ಬಣ್ಣ ಅದಕ್ಕೆ ಕಾಣುವುದಿಲ್ಲ, ನಮ್ಮಷ್ಟು ಸ್ಪಷ್ಟವಾಗಿಯೂ ಕಾಣುವುದಿಲ್ಲ. ಹಸುಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕೆಲಸಗಾರರು ಬೇರೆ ಬೇರೆ ಬಣ್ಣದ ಬಟ್ಟೆ ತೊಟ್ಟಾಗ ಗುರುತು ಹಿಡಿಯುವುದು ಸುಲಭವಾಯಿತು. ಒಂದೇ ಬಣ್ಣದ ಬಟ್ಟೆಯಾದರೆ ಆಳಿನ ಎತ್ತರ, ಮುಖ ಎಲ್ಲ ಸೇರಿಸಿ ನೋಡಿದವು. ಒಂದು ಎಳೆ ತಪ್ಪಿದರೆ ಇನ್ನೊಂದು ಇರುತ್ತದೆ.

ಕುರಿಗಳು ಮಾತ್ರ ಮುಖದಲ್ಲಿ ಗಟ್ಟಿಗರು. ಇಂಗ್ಲೆಂಡಿನ ಬೇಬ್ರಹಾಂ ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ತಂಡ 2001ರಲ್ಲಿ ತೋರಿಸಿದಂತೆ ಕುರಿಗಳು 50 ಬೇರೆ ಕುರಿಗಳ ಮುಖವನ್ನು ಎರಡು ವರ್ಷದವರೆಗೂ ನೆನಪಿಟ್ಟುಕೊಳ್ಳಬಲ್ಲವು. 2017ರಲ್ಲಿ ಕೇಂಬ್ರಿಡ್ಜಿನ ಜೆನ್ನಿ ಮಾರ್ಟನ್ ತಂಡ ಎಂಟು ಕುರಿಗಳಿಗೆ ಬರಾಕ್ ಒಬಾಮಾ ಅವರಂಥ ಹೆಸರಾಂತ ಮಂದಿಯ ಫೋಟೋ ತೋರಿಸಿ ಗುರುತು ಹಿಡಿಯಲು ಕಲಿಸಿತು. ಪೇಪರಿನಲ್ಲಿ ಒಬಾಮಾ ಸುದ್ದಿಯೇ ದೊಡ್ಡದಾಗಿ ಬಂತು. ನನಗೆ ಅದಕ್ಕಿಂತ ಹಿಡಿಸಿದ್ದು ಆ ಪ್ರಯೋಗದ ಇನ್ನೊಂದು ತುಣುಕು. ದಿನಾ ಕುರಿಗಳನ್ನು ನೋಡಿಕೊಳ್ಳುವವರ ಫೋಟೋವನ್ನು ಯಾವ ತರಬೇತಿಯೂ ಇಲ್ಲದೆ ಪರದೆಯ ಮೇಲೆ ತೋರಿಸಿದರು. ಕುರಿಗಳು ಅಪರಿಚಿತರ ಫೋಟೋ ಒಮ್ಮೆ, ಇವರ ಫೋಟೋ ಒಮ್ಮೆ ನೋಡಿ, ಮತ್ತೆ ತಿರುಗಿ ನೋಡಿ, ಆಮೇಲೆ ತಮ್ಮವರನ್ನೇ ಆರಿಸಿದವು. ವಾಸನೆಯಿಲ್ಲ, ದನಿಯಿಲ್ಲ, ನಡಿಗೆಯಿಲ್ಲ, ಬರೀ ಚಪ್ಪಟೆ ಚಿತ್ರ. ಆದರೂ ಹೆಚ್ಚಿನ ಸಲ ಸರಿಯಾಗಿತ್ತು. ಆ ಎರಡನೇ ಸಲದ ನೋಟದ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ.

ಕುದುರೆಗಳು ದನಿಯನ್ನೂ ಆಳನ್ನೂ ಹೊಂದಿಸುತ್ತವೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಲಿಯಾನ್ ಪ್ರೂಪ್ಸ್ ಮತ್ತು ಮೆಕ್‌ಕಾಂಬ್ ಕುದುರೆಯ ಎರಡೂ ಬದಿಗೆ ಒಬ್ಬೊಬ್ಬರನ್ನು ನಿಲ್ಲಿಸಿ, ಇಬ್ಬರಲ್ಲಿ ಒಬ್ಬರ ದನಿಯನ್ನು ನಡುವೆ ಇಟ್ಟ ಸ್ಪೀಕರಿನಿಂದ ಕೇಳಿಸಿದರು. ಕುದುರೆ ಪರಿಚಯದ ದನಿ ಯಾರದೋ ಅವರ ಕಡೆಗೇ ತಿರುಗಿ ನೋಡಿತು. ನಮ್ಮ ಕೆಂಪಿಗೆ ಸೀರೆ ಒಂದು ಕಡೆ, ದನಿ ಇನ್ನೊಂದು ಕಡೆ, ಕೈ ಮತ್ತೊಬ್ಬರದು. ಪಾಪ, ಅದಕ್ಕೆ ಎಷ್ಟು ಗೊಂದಲವಾಗಿರಬೇಡ.

ನಾಯಿ ಬೆಕ್ಕುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅವುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ನಾಯಿಗಳಿಗೆ ಸ್ಕ್ಯಾನರಿನೊಳಗೆ ಅಲ್ಲಾಡದೆ ಮಲಗಲು ಕಲಿಸಿ, ಬೇರೆ ಬೇರೆ ವಾಸನೆ ಕೊಟ್ಟು ಮೆದುಳು ನೋಡಿದರು. ಒಳ್ಳೆಯದನ್ನು ಎದುರುನೋಡುವಾಗ ಚುರುಕಾಗುವ ಭಾಗ ಹೆಚ್ಚು ಚುರುಕಾದದ್ದು ಮನೆಯ ಮನುಷ್ಯರ ವಾಸನೆಗೆ. ಆ ಮನುಷ್ಯ ಅಲ್ಲಿ ಇರಲೂ ಇಲ್ಲ. ಇನ್ನು ಬೆಕ್ಕು. ಜಪಾನಿನ ಅತ್ಸುಕೋ ಸೈಟೋ 2013ರಲ್ಲಿ ತೋರಿಸಿದ್ದು, ಬೆಕ್ಕಿಗೆ ಸಾಕಿದವರ ದನಿ ಗೊತ್ತಾಗುತ್ತದೆ ಅಂತ. ಕಿವಿ ಆಡಿಸುತ್ತದೆ, ತಲೆ ತಿರುಗಿಸುತ್ತದೆ, ಎದ್ದು ಮಾತ್ರ ಬರುವುದಿಲ್ಲ. ಬೆಕ್ಕು ಸಾಕಿದವರು ಇದನ್ನು ಓದಿ ಸಮಾಧಾನ ಮಾಡಿಕೊಳ್ಳಬಹುದು.

ಹಳ್ಳಿಕಾರ್ ಎತ್ತುಗಳ ವಿಷಯ ಬೇರೆ. ನಮ್ಮ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು. ಸಾಲು ಸಾಲು ಬೂದು ಬಣ್ಣದ ಜೋಡಿಗಳು, ಹಿಂದಕ್ಕೆ ಬಾಗಿದ ಕೊಂಬು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರ. ಒಂದು ಸಲ ಪಕ್ಕದ ಮನೆಯ ದೊಡ್ಡಪ್ಪ ತಾವು ಕರುವಿನಿಂದ ಸಾಕಿದ ಜೋಡಿಯನ್ನು ಅಲ್ಲಿ ಮಾರಿದರು. ದುಡ್ಡು ಎಣಿಸಿಕೊಂಡರು. ಹಳೇ ಹಗ್ಗ ಬಿಚ್ಚಿ ತಮ್ಮ ಹೆಗಲಿಗೆ ಹಾಕಿಕೊಂಡರು, ಕೊಂಡವರು ಹೊಸ ಹಗ್ಗ ಕಟ್ಟಿದರು. ಆಮೇಲೆ ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಕೊಂಡವರು ಏನೋ ಕೇಳಿದರೂ ಕೈಸನ್ನೆಯಲ್ಲೇ ಉತ್ತರ ಕೊಟ್ಟರು. ಹೊರಡುವಾಗ ಪಕ್ಕಕ್ಕೆ ಸರಿಯಲಿಲ್ಲ. ಎತ್ತುಗಳ ಬಾಲದ ನೇರ ಹಿಂದಕ್ಕೆ ಹೋಗಿ, ಹಾಗೇ ನೇರವಾಗಿ ಜನರೊಳಗೆ ಸೇರಿಕೊಂಡರು. ಯಾಕೆ ಹಾಗೆ ಹೋದಿರಿ ಅಂತ ಮನೆಗೆ ಬಂದ ಮೇಲೆ ಕೇಳಿದೆ. "ಕಂಡ್ರೆ ಬತ್ತವೆ ಕಣವ್ವ. ಮಾತಾಡುದ್ರೂ ಬತ್ತವೆ" ಅಂದರು. 330 ಡಿಗ್ರಿ ಅನ್ನುವ ಲೆಕ್ಕ ಅವರು ಓದಿರಲಿಲ್ಲ. ತಾವು ಕಾಣದ ಜಾಗ ಯಾವುದು ಅಂತ ಮಾತ್ರ ಗೊತ್ತಿತ್ತು.

ಕೆಂಪಿಗೆ ಚೆನ್ನಾಗಿ ಗುರುತಿರುವ ಇನ್ನೊಬ್ಬರೆಂದರೆ ನಮ್ಮ ದನದ ಡಾಕ್ಟರು. ಅವರ ಬೈಕಿನ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಕೆಂಪಿ ಗೊಂತಿನ ಮೂಲೆಗೆ ಹೋಗಿ ನಿಲ್ಲುತ್ತದೆ. ತುಂಬಾ ಒಳ್ಳೆಯ ಮನುಷ್ಯ ಅವರು, ರಾತ್ರಿ ಕರೆದರೂ ಬರುತ್ತಾರೆ. ಆದರೆ ಬಂದಾಗೆಲ್ಲ ಸೂಜಿ, ಇಲ್ಲವೇ ಬಾಯಿಗೆ ಔಷಧ ಹೊಯ್ಯುವ ಗೊಟ್ಟ. ಅವರ ಒಳ್ಳೆಯತನ ಕೆಂಪಿಯ ಲೆಕ್ಕಕ್ಕೆ ಹೇಗೆ ಬರಬೇಕು? ಈಗೀಗ ಅವರು ನಮ್ಮ ಬೀದಿಯಲ್ಲಿ ಹೋಗುವಾಗ ಬೇರೇನೂ ಕೆಲಸವಿಲ್ಲದಿದ್ದರೂ ಇಳಿದು ಬಂದು ಅದರ ಗಂಗೆದೊಗಲು ತುರಿಸಿ ಹೋಗುತ್ತಾರೆ. ಕತ್ತಿನ ಕೆಳಗೇ ಯಾಕೆ ಅಂದರೆ ದನಗಳು ಒಂದನ್ನೊಂದು ಹೆಚ್ಚಾಗಿ ನೆಕ್ಕುವುದು ಕತ್ತಿನ ಭಾಗವನ್ನೇ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಹಸುಗಳ ಮೈಯ ಬೇರೆ ಬೇರೆ ಕಡೆ ಸವರಿ ನೋಡಿದ ಅಧ್ಯಯನದಲ್ಲಿ ಕತ್ತಿನ ಕೆಳಭಾಗ ಸವರಿದಾಗಲೇ ಅವು ಹೆಚ್ಚು ಕತ್ತು ಚಾಚಿ, ಕಿವಿ ಇಳಿಬಿಟ್ಟು ನಿಂತವು. ಡಾಕ್ಟರ ಈ ಉಪಾಯ ಪೂರ್ತಿ ಕೆಲಸ ಮಾಡಿಲ್ಲ. ಆದರೆ ಮೊದಲಿನಷ್ಟು ದೂರ ಓಡುವುದಿಲ್ಲ ಕೆಂಪಿ.

ಹೆಸರಿಟ್ಟು ಕರೆಯುವ ಹಸು ಜಾಸ್ತಿ ಹಾಲು ಕೊಡುತ್ತದೆ ಅನ್ನುವ ಸುದ್ದಿ 2009ರಲ್ಲಿ ಎಲ್ಲ ಕಡೆ ಓಡಾಡಿತ್ತು. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು 516 ಹೈನುಗಾರರನ್ನು ಕೇಳಿ ಬರೆದದ್ದು ಅದು. ಹೆಸರಿರುವ ಹಸುಗಳು ಒಂದು ಸೂಲಿನಲ್ಲಿ, ಅಂದರೆ ಕರು ಹಾಕಿದಾಗಿನಿಂದ ಹಾಲು ಬತ್ತುವವರೆಗೆ, 258 ಲೀಟರು ಹೆಚ್ಚು ಕೊಟ್ಟಿದ್ದವು. ನನ್ನ ಅನಿಸಿಕೆ, ಅಲ್ಲಿ ಕೆಲಸ ಮಾಡಿದ್ದು ಹೆಸರಲ್ಲ. ಹೆಸರಿಟ್ಟ ಮನೆಯಲ್ಲಿ ಒಂದೊಂದು ಹಸುವನ್ನೂ ಬೇರೆ ಬೇರೆಯಾಗಿ ನೋಡುವವರು ಯಾರೋ ಇದ್ದಾರೆ. ಯಾವುದು ಇವತ್ತು ಮೇವು ಬಿಟ್ಟಿತು, ಯಾವುದು ಕಾಲು ಊರುತ್ತಿಲ್ಲ ಅಂತ ಅವರಿಗೆ ತಿಳಿಯುತ್ತದೆ. ಮೊದಲು ನಾವು ಅವುಗಳ ಗುರುತು ಹಿಡಿದಿರುತ್ತೇವೆ, ಅವು ನಮ್ಮನ್ನು ಹಿಡಿಯುವುದು ಆಮೇಲೆ.

ಹೊಸ ಹಸು ತಂದವರು, ಇಲ್ಲವೇ ನಮ್ಮ ಹಾಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹಸುವನ್ನು ದಾಟಿಸಬೇಕಾದವರು ಕೇಳುತ್ತಾರೆ, ಏನು ಮಾಡಬೇಕು ಅಂತ. ನನಗೆ ಅತ್ತೆ ಹೇಳಿಕೊಟ್ಟದ್ದು ಇಷ್ಟು. ಕರೆಯುವುದಕ್ಕೆ ಮೊದಲು ಕೆಲವು ದಿನ ಮೇವು, ನೀರು, ಹಿಂಡಿ ಎಲ್ಲ ಹೊಸಬರ ಕೈಯಿಂದಲೇ ಆಗಬೇಕು. ಹಳಬರು ಪಕ್ಕದಲ್ಲಿ ನಿಂತು ಮಾತಾಡಬೇಕು. ಅದೇ ಹೊತ್ತು, ಅದೇ ಬಕೆಟ್ಟು, ಅದೇ ಪಕ್ಕದಿಂದ ಕೂರುವುದು. ಹಸು ಒದ್ದರೆ ತಿರುಗಿ ಹೊಡೆಯಬಾರದು. ಹೊಡೆದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ. ಆಮೇಲೆ ಹಳಬರು ಒಂದೊಂದು ಹೆಜ್ಜೆ ದೂರ ಸರಿಯುತ್ತಾ ಹೋಗಬೇಕು. ಅತ್ತೆ ಕಂಬದ ಹತ್ತಿರದಿಂದ ಬಾಗಿಲಿಗೆ, ಬಾಗಿಲಿಂದ ಜಗಲಿಗೆ, ಜಗಲಿಯಿಂದ ಒಳಮನೆಗೆ ಹೋದರು. ನಾನು ಅತ್ತೆಯ ಹಾಗೆ ಮಾತಾಡಲು ಹೋಗಲಿಲ್ಲ, ನನಗೆ ಬರುವುದೂ ಇಲ್ಲ. ನನ್ನ ಮಗಳ ಸ್ಕೂಲಿನ ವಿಷಯ ಹೇಳುತ್ತೇನೆ. ಸೀರೆ ಬಿಟ್ಟು ಈಗ ನನ್ನ ನೈಟಿಯಲ್ಲೇ ಕೂರುತ್ತೇನೆ.

ಬೆಳಗಿನ ಹಾಲು ಮೊದಲಿನಷ್ಟೇ ಬರುತ್ತಿದೆ, ಫ್ಯಾಟೂ ಸರಿಯಾಗಿದೆ. ಸಂಜೆ ಇನ್ನೂ ಅರ್ಧ ಲೀಟರು ಕಮ್ಮಿ, ಯಾಕೆಂದರೆ ಸಂಜೆ ಅತ್ತೆ ವಾಕಿಂಗ್ ಮುಗಿಸಿ ಕೊಟ್ಟಿಗೆಯ ಮುಂದೆಯೇ ಹಾದುಹೋಗುತ್ತಾರೆ, ಕೆಂಪಿ ಕರೆಯುವ ಹೊತ್ತೆಲ್ಲ ಆ ಕಡೆಗೇ ಕಿವಿ ಇಟ್ಟುಕೊಂಡಿರುತ್ತದೆ. ಹಿಂದಿನ ಬಾಗಿಲಿನಿಂದ ಬನ್ನಿ ಅಂತ ಹೇಳಿದ್ದೇನೆ. ಅತ್ತೆ ಒಪ್ಪಿಲ್ಲ.